ಛುರಿಕಾದಾನ ಮೀಮಾಂಸೆ ಅರ್ಥಾತ್ ಚಾಕು ಉಡುಗೊರೆಯ ಶಾಸ್ತ್ರ

ಪೀಠಿಕೆ

ಲೋಕದಲ್ಲಿ ದಾನಗಳು ಹಲವು. ಗೋದಾನ, ಭೂದಾನ, ವಸ್ತ್ರದಾನ, ಅನ್ನದಾನಗಳ ಫಲವೇನೆಂದು ಹಿಂದಿನವರು ವಿವರವಾಗಿ ಹೇಳಿಟ್ಟಿದ್ದಾರೆ. ಈಚೆಗೆ ರಕ್ತದಾನ, ನೇತ್ರದಾನ, ಶ್ರಮದಾನಗಳೂ ಪಟ್ಟಿಗೆ ಸೇರಿವೆ. ಚಾಕುದಾನದ ವಿಚಾರಕ್ಕೆ ಬಂದರೆ ಮಾತ್ರ ವಿದ್ವಾಂಸರು ತುಟಿ ಬಿಚ್ಚುವುದಿಲ್ಲ. ಗೃಹಪ್ರವೇಶಕ್ಕೆ ಚಾಕುಗಳ ಸೆಟ್ಟೊಂದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರೆ ಕೊಟ್ಟವನ ಗತಿಯೇನು, ಪಡೆದವನ ಗತಿಯೇನು, ಅವರಿಬ್ಬರ ನಡುವಿನ ನಂಟಿನ ಗತಿಯೇನು? ಈ ಪ್ರಶ್ನೆಯನ್ನು ಅಜ್ಜಿಯರಿಗೂ ಪಾತ್ರೆ ಅಂಗಡಿಯವರಿಗೂ ಬಿಟ್ಟು ಪಂಡಿತರು ಕೈತೊಳೆದುಕೊಂಡಿದ್ದಾರೆ. ಅಜ್ಜಿ "ಕೊಡಬೇಡ" ಎನ್ನುತ್ತಾರೆ. ಅಂಗಡಿಯವರು "ಡಿಸ್ಕೌಂಟ್ ಇದೆ" ಎನ್ನುತ್ತಾರೆ. ಈ ಎರಡು ಸಂಪ್ರದಾಯಗಳ ಸಮನ್ವಯವೇ ಪ್ರಸ್ತುತ ಪ್ರಬಂಧದ ಗುರಿ.

ಶಾಸ್ತ್ರಗ್ರಂಥದ ಆರಂಭದಲ್ಲಿ ಅನುಬಂಧ ಚತುಷ್ಟಯ ಹೇಳುವುದು ವಾಡಿಕೆ. ವಿಷಯ: ಹರಿತವಾದದ್ದನ್ನು ಉಡುಗೊರೆ ಕೊಟ್ಟರೆ ಸ್ನೇಹ ತುಂಡಾಗುತ್ತದೆ ಎಂಬ ನಂಬಿಕೆ. ಪ್ರಯೋಜನ: ತುಂಡಾಗದಂತೆ ಕೊಡುವ ಬಗೆಯನ್ನು ತಿಳಿಯುವುದು. ಅಧಿಕಾರಿ, ಅಂದರೆ ಇದನ್ನು ಓದಲು ಯೋಗ್ಯತೆಯುಳ್ಳವರು: ಉಡುಗೊರೆ ಬಂದ ಗೋಡೆ ಗಡಿಯಾರವನ್ನು ಹೊದಿಕೆ ಬಿಚ್ಚದೆ ಇನ್ನೊಬ್ಬರ ಮದುವೆಗೆ ದಾಟಿಸಿದ ಅನುಭವವಿರುವ ಸಮಸ್ತ ಗೃಹಸ್ಥರು. ಸಂಬಂಧ: ಅಪಾಯದಲ್ಲಿರುವುದು ಅದೇ.

ಆಗಮ ಪ್ರಮಾಣ

ಈ ಶಾಸ್ತ್ರಕ್ಕೆ ಲಿಖಿತ ಆಧಾರ ಇಂಗ್ಲೆಂಡಿನಲ್ಲಿ ಧಾರಾಳವಾಗಿ ಸಿಗುತ್ತದೆ. 1787ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬ ಪುರಾತತ್ತ್ವ ಪ್ರಿಯ ಪ್ರಾಂತೀಯ ಪದಗಳ ಕೋಶವೊಂದನ್ನು ಹೊರತಂದ. ಅದರ ಕೊನೆಗೆ ಜನಸಾಮಾನ್ಯರ ಮೂಢನಂಬಿಕೆಗಳ ದೊಡ್ಡ ಪಟ್ಟಿಯನ್ನೂ ಸೇರಿಸಿದ. ಚಾಕು, ಕತ್ತರಿ, ಕ್ಷೌರದ ಕತ್ತಿ ಮೊದಲಾದ ಹರಿತದ ವಸ್ತುಗಳನ್ನು ಪ್ರೇಯಸಿಗಾಗಲಿ ಗೆಳೆಯನಿಗಾಗಲಿ ಕೊಟ್ಟರೆ ಪ್ರೀತಿ ಕಡಿದುಹೋಗುತ್ತದೆ ಎಂಬುದು ಅದರಲ್ಲಿ ದಾಖಲಾಗಿದೆ. ಪರಿಹಾರವನ್ನೂ ಗ್ರೋಸ್ ಅಲ್ಲೇ ಕೊಟ್ಟಿದ್ದಾನೆ: ಬದಲಿಗೆ ಒಂದು ಗುಂಡುಸೂಜಿಯನ್ನೋ, ಪೆನ್ನಿಯ ಕಾಲುಭಾಗವಾದ ಫಾರ್ದಿಂಗ್ ಕಾಸನ್ನೋ ಇಸಿದುಕೊಳ್ಳಬೇಕು.

ಇಲ್ಲಿ ವ್ಯಾಖ್ಯಾನಕಾರನ ತಲೆ ಕೆಡುವುದು ಗುಂಡುಸೂಜಿಯ ವಿಚಾರಕ್ಕೆ. ಸೂಜಿಯೂ ಚುಚ್ಚುವ ವಸ್ತುವೇ. ಚಾಕುವಿನ ದೋಷ ಕಳೆಯಲು ಸೂಜಿ ಕೊಟ್ಟರೆ ಸೂಜಿಯ ದೋಷ ಕಳೆಯಲು ಏನು ಕೊಡಬೇಕು? ಇನ್ನೊಂದು ಸೂಜಿ ಕೊಟ್ಟರೆ ಅದಕ್ಕೆ ಮತ್ತೊಂದು. ತರ್ಕಶಾಸ್ತ್ರದಲ್ಲಿ ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಇಬ್ಬರು ಗೆಳೆಯರು ಜೀವಮಾನವಿಡೀ ಎದುರುಬದುರು ಕೂತು ಸೂಜಿ ಬದಲಾಯಿಸಿಕೊಳ್ಳುತ್ತಲೇ ಇರಬೇಕಾಗುತ್ತದೆ. ಹಾಗೆ ಕೂತರೆ ಸ್ನೇಹ ಕಡಿಯಲು ಪುರುಸೊತ್ತೇ ಸಿಗದು ಎಂಬ ಪರಿಹಾರವೂ ಉಂಟು. ಮುಂದಿನ ತಲೆಮಾರುಗಳು ಸೂಜಿಯನ್ನು ಕೈಬಿಟ್ಟು ಕಾಸಿಗೇ ನಿಷ್ಠರಾದದ್ದರಿಂದ ಈ ಗಂಡಾಂತರ ತಪ್ಪಿತು.

ಗ್ರೋಸ್‌ಗಿಂತ ಹಿಂದೆ, 1714ರಲ್ಲಿ, ಕವಿ ಜಾನ್ ಗೇ 'ದಿ ಶೆಫರ್ಡ್ಸ್ ವೀಕ್' ಎಂಬ ಕಾವ್ಯ ಬರೆದ. ಪ್ರಿಯನಿಂದ ಕೈಬಿಡಲ್ಪಟ್ಟ ಮರಿಯನ್ ಎಂಬ ಹಳ್ಳಿಹುಡುಗಿ ಅದರಲ್ಲಿ ಗೋಳಾಡುತ್ತಾಳೆ. ಚಾಕುವಿನ ಉಡುಗೊರೆ ಪ್ರೀತಿಯನ್ನು ಕತ್ತರಿಸುತ್ತದಂತೆ ಎಂಬ ಅಳಲು ಅಲ್ಲಿಯೇ ಬರುವುದು. ಗಮನಿಸಬೇಕಾದ ಸಂಗತಿಯೆಂದರೆ ಆ ಕಾವ್ಯ ಗೊಲ್ಲಗೀತೆಗಳ ಅಣಕು. ಅಂದರೆ ಛುರಿಕಾಶಾಸ್ತ್ರದ ಆಕರಗ್ರಂಥವೇ ಒಂದು ಅಣಕು ಪ್ರಬಂಧ. ಪ್ರಸ್ತುತ ಪ್ರಬಂಧಕಾರರು ಪರಂಪರೆಯನ್ನು ಮುರಿದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ರಾಯಶ್ಚಿತ್ತ ಕಾಂಡ

ನಿಷೇಧಕ್ಕಿಂತ ಸ್ವಾರಸ್ಯವಾಗಿರುವುದು ಅದರ ಪ್ರಾಯಶ್ಚಿತ್ತ. ಇಂಗ್ಲೆಂಡಿನಲ್ಲಿ ಚಾಕು ಪಡೆದವರು ಕೊಟ್ಟವರ ಕೈಗೆ ಒಂದು ಪೆನ್ನಿ ಇಡುತ್ತಾರೆ. ಫ್ರಾನ್ಸ್, ಇಟಲಿ, ರಷ್ಯಾಗಳಲ್ಲೂ ಇದೇ ಪದ್ಧತಿ, ನಾಣ್ಯ ಮಾತ್ರ ಬೇರೆ. ಜಪಾನಿನಲ್ಲಿ ನಡುವೆ ತೂತಿರುವ 5 ಯೆನ್ ನಾಣ್ಯಕ್ಕೆ ಪ್ರಾಶಸ್ತ್ಯ, ಏಕೆಂದರೆ ಆ ಮೊತ್ತಕ್ಕೂ ಋಣಾನುಬಂಧಕ್ಕೂ ಅಲ್ಲಿ ಉಚ್ಚಾರ ಒಂದೇ. ಕಾಸು ಕೈಬದಲಾದ ಕ್ಷಣ ಚಾಕು ಉಡುಗೊರೆಯಲ್ಲ, ಖರೀದಿ. ಖರೀದಿಯಿಂದ ಯಾರ ಸ್ನೇಹವೂ ಕೆಡುವುದಿಲ್ಲ ಎಂಬುದು ಇಲ್ಲಿನ ಗೃಹೀತ. ಸಂತೆಯಲ್ಲಿ ಚೌಕಾಸಿ ಮಾಡಿ ಬಂದವರು ಈ ಗೃಹೀತದ ಬಗ್ಗೆ ಬೇರೆ ಅಭಿಪ್ರಾಯ ಹೊಂದಿರಬಹುದು.

ಕೆಲವು ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಚಾಕುವಿನ ಪೆಟ್ಟಿಗೆಯಲ್ಲೇ ಒಂದು ನಾಣ್ಯವನ್ನು ಅಂಟಿಸಿ ಕಳಿಸುತ್ತಾರೆ. ಪಡೆದವನು ಆ ನಾಣ್ಯ ಕಿತ್ತು ಕೊಟ್ಟವನಿಗೆ ಹಿಂದಿರುಗಿಸಿದರೆ ವ್ಯವಹಾರ ಚುಕ್ತಾ. ಕೊಟ್ಟವನ ದುಡ್ಡಿನಲ್ಲೇ ಕೊಟ್ಟವನ ವಸ್ತುವನ್ನು ಕೊಟ್ಟವನಿಂದಲೇ ಕೊಂಡುಕೊಳ್ಳುವ ಈ ಏರ್ಪಾಡು ಬ್ಯಾಂಕಿನವರಿಗೆ ಹೊಸದೇನಲ್ಲ. ಅವರು ಅದನ್ನು ಸಾಲ ಎನ್ನುತ್ತಾರೆ, ಅಡಮಾನ ಕೇಳುತ್ತಾರೆ.

ಜಾವಾ ದ್ವೀಪದವರು ಈ ಲೆಕ್ಕವನ್ನು ಪೂರಾ ತಿರುವಿ ಹಾಕಿದ್ದಾರೆ. ಅಲ್ಲಿನ ಕೆರಿಸ್ ಎಂಬ ಬಳುಕಿನ ಅಲಗಿನ ಕಠಾರಿ 2005ರಲ್ಲಿ ಯುನೆಸ್ಕೊ ಮನ್ನಣೆ ಪಡೆದಿರುವಂಥದ್ದು; ಮದುಮಗ ಅದನ್ನು ಬೆನ್ನ ಹಿಂದೆ ಸಿಕ್ಕಿಸಿಕೊಂಡೇ ಹಸೆ ಏರುತ್ತಾನೆ. ಅಂಥ ಕೆರಿಸನ್ನು 'ಕೊಂಡೆ' ಎನ್ನುವುದು ಅಲ್ಲಿ ಅಮರ್ಯಾದೆ. ಕೊಟ್ಟ ಹಣಕ್ಕೆ ಮದುವೆಯಲ್ಲಿ ವಧುವಿಗೆ ಸಲ್ಲಿಸುವ 'ಮಹರ್' ಎಂಬ ಹೆಸರು. ಇಂಗ್ಲಿಷರು ಉಡುಗೊರೆಗೆ ಮಾರಾಟದ ವೇಷ ತೊಡಿಸಿದರೆ ಜಾವಾದವರು ಮಾರಾಟಕ್ಕೆ ಮದುವೆಯ ವೇಷ ತೊಡಿಸಿದ್ದಾರೆ. ಇಬ್ಬರೂ ಮರೆಮಾಚುತ್ತಿರುವುದು ಒಂದನ್ನೇ: ಕೈಯಿಂದ ಕೈಗೆ ಒಂದು ಅಲಗು ದಾಟಿದೆ ಎಂಬ ಸತ್ಯವನ್ನು.

1925ರಲ್ಲಿ ಫ್ರೆಂಚ್ ವಿದ್ವಾಂಸ ಮಾರ್ಸೆಲ್ ಮೊಸ್ ಉಡುಗೊರೆಯ ಬಗ್ಗೆ ಒಂದು ಹೆಸರಾಂತ ಪ್ರಬಂಧ ಬರೆದು, ಪುಕ್ಕಟೆ ಉಡುಗೊರೆ ಎಂಬುದು ಲೋಕದಲ್ಲಿಲ್ಲ, ಕೊಟ್ಟದ್ದನ್ನು ಪಡೆಯಲೇಬೇಕು, ಪಡೆದದ್ದಕ್ಕೆ ಮರಳಿ ಕೊಡಲೇಬೇಕು ಎಂದು ಸಾಧಿಸಿದ. ಮುಯ್ಯಿ ಬರೆಯುವ ಪುಸ್ತಕ ಇಟ್ಟುಕೊಂಡ ಯಾವ ಕನ್ನಡ ಮನೆತನಕ್ಕೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಹಿರೇಮಗಳ ಮದುವೆಗೆ ಯಾರು 101 ಬರೆಸಿದರು, ಯಾರು 51ಕ್ಕೆ ನಿಲ್ಲಿಸಿದರು ಎಂಬುದು ಆ ಪುಸ್ತಕದಲ್ಲಿ ಅಚ್ಚಳಿಯದೆ ಇರುತ್ತದೆ, ಮತ್ತು ಅವರ ಮನೆಯ ಮದುವೆಗೆ ಹೊರಡುವ ಮುನ್ನ ಅದನ್ನು ತೆಗೆದು ನೋಡಲಾಗುತ್ತದೆ.

ಆ 101ರ ಕೊನೆಯ ಒಂದು ರೂಪಾಯಿಯ ಕಡೆ ವಿದ್ವಾಂಸರು ಗಮನ ಹರಿಸಬೇಕು. ಮುಯ್ಯಿಯ ಕವರಿನ ಮೂಲೆಯಲ್ಲಿ ಅದನ್ನು ಅಂಗಡಿಯವರೇ ಅಂಟಿಸಿರುತ್ತಾರೆ. ಹೊಳೆಯುವ ಕವರು, ಗಣಪತಿಯ ಚಿತ್ರ, ಬಲಮೂಲೆಯಲ್ಲಿ ಗೋಂದಿನ ಕಲೆಯ ನಡುವೆ ಕುಳಿತ ನಾಣ್ಯ. ಪಾಶ್ಚಾತ್ಯರ ನಾಣ್ಯ ಪಡೆದವನಿಂದ ಕೊಟ್ಟವನಿಗೆ ಹೋಗುತ್ತದೆ, ನಮ್ಮದು ಕೊಟ್ಟವನಿಂದ ಪಡೆದವನಿಗೆ. ಎರಡೂ ಸಂಪ್ರದಾಯ ಪಾಲಿಸುವ ಮನೆಗೆ ಇದರಿಂದ ಭಾರಿ ಅನುಕೂಲ: ಚಾಕು ತಂದ ನೆಂಟರು ಮುಯ್ಯಿ ಕವರನ್ನೂ ಕೊಟ್ಟರೆ ಅದರ ಮೂಲೆಯ ನಾಣ್ಯವನ್ನು ಉಗುರಿನಿಂದ ಕೆದಕಿ ಅವರ ಕೈಗೇ ಇಡಬಹುದು.

ಪ್ರತ್ಯಕ್ಷ ಪ್ರಮಾಣ

ಮೈಸೂರು ಸೀಮೆಯ ಒಂದು ಅಡುಗೆಮನೆ, ಹಬ್ಬದ ಹಿಂದಿನ ಸಂಜೆ. ಅತ್ತಿಗೆ ಹುರುಳಿಕಾಯಿ ಹೆಚ್ಚಿ ಮುಗಿಸಿದ್ದಾರೆ, ನಾದಿನಿ ಕುಂಬಳಕಾಯಿಗೆ ಕೈಹಚ್ಚಬೇಕು, ಮನೆಯಲ್ಲಿ ಹರಿತ ಉಳಿದಿರುವುದು ಒಂದೇ ಚಾಕುವಿಗೆ. ಅತ್ತಿಗೆ ಹಿಡಿಯನ್ನು ಮುಂದೆ ಮಾಡಿ ಚಾಚುತ್ತಾರೆ.

"ಕೈಗೆ ಕೊಡ್ಬೇಡಿ ಅತ್ತಿಗೆ, ಕೆಳಗಿಡಿ. ನಾನೇ ತಗೋತೀನಿ."

"ಅಯ್ಯೋ, ಮರ್ತೇ ಹೋಯ್ತು ಕಣೇ."

ಚಾಕು ನೆಲಕ್ಕಿಳಿಯುತ್ತದೆ. ಅಲಗಿಗೆ ಒಂದು ಹುರುಳಿಕಾಯಿ ನಾರು ಅಂಟಿಕೊಂಡಿದೆ. ನಾದಿನಿ ಬಗ್ಗಿ ಎತ್ತಿಕೊಂಡು, ನಾರನ್ನು ಸೆರಗಿಗೆ ಒರೆಸಿ, ಕುಂಬಳಕಾಯಿಯನ್ನು ಮಡಿಲ ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ನೆಲದ ಮೇಲಿದ್ದ ಆ ಒಂದು ಗಳಿಗೆ ಚಾಕು ಯಾರದೂ ಅಲ್ಲ. ಅತ್ತಿಗೆ ಕೊಡಲಿಲ್ಲ, ನಾದಿನಿ ಇಸಿದುಕೊಳ್ಳಲಿಲ್ಲ. ಒಬ್ಬರು ಇಟ್ಟರು, ಇನ್ನೊಬ್ಬರಿಗೆ ಸಿಕ್ಕಿತು. ಅಪ್ಪನ ಸೈಟಿನ ಪಾಲಿನ ವಿಚಾರದಲ್ಲಿ ಇಬ್ಬರ ನಡುವೆ ಇರುವ ಬಿಸಿ ಇದರಿಂದ ತಣಿದಿಲ್ಲ ಎಂಬುದು ಬೇರೆ ಮಾತು. ಇನ್ನಷ್ಟು ಏರದಂತೆ ತಡೆದಿದೆಯಲ್ಲ ಎಂದು ಸಂಪ್ರದಾಯದವರು ಕೇಳುತ್ತಾರೆ. ಇಲ್ಲವೆಂದು ಸಾಧಿಸುವ ದಾರಿ ಯಾರಿಗೂ ಇಲ್ಲ.

ಇದರಿಂದ ಒಂದು ಮಹತ್ತ್ವದ ತತ್ತ್ವ ಹೊರಬೀಳುತ್ತದೆ. ಯುರೋಪಿನಲ್ಲಿ ನಾಣ್ಯ ಮಾಡುವ ಕೆಲಸವನ್ನು ಕರ್ನಾಟಕದಲ್ಲಿ ನೆಲ ಮಾಡುತ್ತದೆ. ಅದು ದುಡ್ಡು ಕೇಳದ ದಲ್ಲಾಳಿ. ಉಪ್ಪು, ಮೆಣಸಿನಪುಡಿಗಳನ್ನು ದಾಟಿಸುವಾಗಲೂ ಇದೇ ದಲ್ಲಾಳಿಯ ಸೇವೆ ಪಡೆಯುವ ಮನೆಗಳಿವೆ. ಕತ್ತರಿಯ ಮೇಲೆ ಇನ್ನೊಂದು ಅಧಿಕ ನಿಬಂಧನೆ: ಬಟ್ಟೆಯಿಲ್ಲದೆ ಖಾಲಿ ಕತ್ತರಿ ಆಡಿಸಿದರೆ ಮನೆಯಲ್ಲಿ ಜಗಳ. ಮಕ್ಕಳು ಕತ್ತರಿ ಆಡಿಸುವುದು, ದೊಡ್ಡವರು ಗದರುವುದು, "ಅವನಿಗೇನು ಗದರ್ತೀರಿ" ಎಂದು ಅಜ್ಜಿ ಅಡ್ಡ ಬರುವುದು, ಜಗಳ ಹತ್ತುವುದು. ಹೀಗೆ ಈ ನಂಬಿಕೆ ದಿನಕ್ಕೊಮ್ಮೆ ರುಜುವಾತಾಗುತ್ತಿರುತ್ತದೆ.

ಇಷ್ಟು ಭಯಂಕರವಾದ ಕಬ್ಬಿಣವನ್ನೇ ಬಾಣಂತಿಯ ತಲೆದಿಂಬಿನ ಕೆಳಗೆ ಇಡುತ್ತಾರೆ. ಕುಡುಗೋಲೋ ಚಾಕುವೋ ಅಲ್ಲಿದ್ದರೆ ಎಳೆಗೂಸಿನ ಹತ್ತಿರ ಗಾಳಿ ಗೀಳಿ ಸುಳಿಯುವುದಿಲ್ಲ. ಮಹಾನವಮಿಯ ದಿನ ಈಳಿಗೆಮಣೆಗೆ ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು, ಕೈಮುಗಿಯುತ್ತಾರೆ. ಪೂಜೆ ಮಾಡಬಹುದು, ತಲೆಯಡಿ ಇಟ್ಟು ಮಲಗಬಹುದು, ಪಕ್ಕದವರ ಕೈಗೆ ಮಾತ್ರ ಕೊಡಬಾರದು. ಇಲ್ಲಿ ವಿರೋಧಾಭಾಸ ಹುಡುಕುವ ಅವಸರ ಬೇಡ. ಗೂಳಿಗೆ ಪೂಜೆಯೂ ಉಂಟು, ಮೂಗುದಾರವೂ ಉಂಟು.

ಅನುಮಾನ ಪ್ರಮಾಣ

ನ್ಯಾಯಶಾಸ್ತ್ರದಂತೆ ಅನುಮಾನಕ್ಕೆ ಐದು ಅವಯವಗಳು. ಪ್ರತಿಜ್ಞೆ: ಈ ಸ್ನೇಹ ಮುರಿಯಲಿದೆ. ಹೇತು: ಚಾಕು ಉಡುಗೊರೆ ಬಂದಿರುವುದರಿಂದ. ಉದಾಹರಣೆ: ಎಲ್ಲೆಲ್ಲಿ ಬಿಟ್ಟಿ ಚಾಕುವೋ ಅಲ್ಲಲ್ಲಿ ಮುರಿದ ಸ್ನೇಹ, ಸ್ಟಾಲಿನ್ ಮತ್ತು ಚರ್ಚಿಲ್‌ರ ಸ್ನೇಹದಂತೆ. ಉಪನಯ: ಇಲ್ಲಿಯೂ ಹಾಗೆಯೇ. ನಿಗಮನ: ಆದ್ದರಿಂದ ಮುರಿಯಲಿದೆ.

ಉದಾಹರಣೆಗೆ ವಿವರಣೆ ಅಗತ್ಯ. ಸ್ಟಾಲಿನ್‌ಗ್ರಾಡ್ ನಗರ ನಾಜಿ ಸೈನ್ಯವನ್ನು ಹಿಮ್ಮೆಟ್ಟಿಸಿದ ಪರಾಕ್ರಮಕ್ಕೆ ಮೆಚ್ಚಿ ಬ್ರಿಟನ್ನಿನ ದೊರೆ ಆರನೇ ಜಾರ್ಜ್ ಒಂದು ಭವ್ಯ ಖಡ್ಗ ಮಾಡಿಸಿದ. ಮಾಡಿದ್ದು ವಿಲ್ಕಿನ್ಸನ್ ಸ್ವೋರ್ಡ್ ಕಂಪನಿ. ಅದೇ ಹೆಸರಿನ ಬ್ಲೇಡಿನಿಂದ ಮುಂದೆ ಲೋಕದ ಗಂಡಸರು ಗಡ್ಡ ಹೆರೆದುಕೊಂಡರು. 1943ರ ನವೆಂಬರ್ 29ರಂದು ಟೆಹರಾನಿನಲ್ಲಿ ಚರ್ಚಿಲ್ ಅದನ್ನು ಸ್ಟಾಲಿನ್‌ಗೆ ಒಪ್ಪಿಸಿದರು. ಸ್ಟಾಲಿನ್ ಖಡ್ಗಕ್ಕೆ ಮುತ್ತಿಟ್ಟು ಮಾರ್ಷಲ್ ವೊರೊಶಿಲೋವ್ ಕೈಗೆ ದಾಟಿಸಿದ. ಮಾರ್ಷಲ್ ಹಿಡಿದ ರೀತಿ ತಪ್ಪಿ ಕತ್ತಿ ಒರೆಯಿಂದ ಜಾರಿತು.

ಸ್ಟಾಲಿನ್ ಜೇಬಿಗೆ ಕೈಹಾಕಿ ಒಂದು ಕೊಪೆಕ್ ತೆಗೆದು ಚರ್ಚಿಲ್ ಕೈಗಿಟ್ಟ ಪ್ರಸ್ತಾಪ ಆ ಸಮಾರಂಭದ ವರ್ಣನೆಗಳಲ್ಲಿ ಬರುವುದಿಲ್ಲ. ನಾಣ್ಯದ ಪದ್ಧತಿ ಎರಡೂ ದೇಶಗಳ ಜನಕ್ಕೆ ಗೊತ್ತಿದ್ದದ್ದೇ; ಗೊತ್ತಿದ್ದೂ ಮರೆತರು. ಪರಿಣಾಮವಾಗಿ ಮೂರು ವರ್ಷ ತುಂಬುವ ಮೊದಲೇ, 1946ರ ಮಾರ್ಚ್ 5ರಂದು, ಚರ್ಚಿಲ್ ಅಮೆರಿಕದ ಫುಲ್ಟನ್ನಿನಲ್ಲಿ ಎದ್ದು ನಿಂತು ಯುರೋಪಿನ ನಡುವೆ ಕಬ್ಬಿಣದ ಪರದೆ ಬಿದ್ದಿದೆ ಎಂದರು. ಕಬ್ಬಿಣದ ಎಂಬ ವಿಶೇಷಣವನ್ನು ಛುರಿಕಾಶಾಸ್ತ್ರಜ್ಞರು ಅಡಿಗೆರೆ ಹಾಕಿ ಓದಬೇಕು. ಅಣುಬಾಂಬುಗಳ ಪೈಪೋಟಿ, ಬರ್ಲಿನ್ ಗೋಡೆ, ಕ್ಯೂಬಾದ ಬಿಕ್ಕಟ್ಟು ಎಲ್ಲಕ್ಕೂ ಒಂದು ಕೊಪೆಕ್ಕಿನ ಉಳಿತಾಯವೇ ಮೂಲವೆಂದು ಈ ಪ್ರಬಂಧ ಪ್ರತಿಪಾದಿಸುತ್ತದೆ. ಪೋಲೆಂಡಿನ ಗಡಿ, ಜರ್ಮನಿಯ ಹಂಚಿಕೆ ಮುಂತಾದ ಗೌಣ ಕಾರಣಗಳನ್ನು ಇತಿಹಾಸಕಾರರಿಗೆ ಬಿಡಲಾಗಿದೆ.

ಎರಡನೆಯ ಉದಾಹರಣೆ ನಮ್ಮ ಶ್ರೀರಂಗಪಟ್ಟಣದ್ದು. 1799ರ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕು, ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಮಿಕ್ಕಿ ಬಂಧನದಲ್ಲಿದ್ದವನು. ಟಿಪ್ಪುವಿನ ಶಯನಗೃಹದ ಖಡ್ಗ ಸೈನ್ಯದ ಪರವಾಗಿ ಅವನಿಗೆ ಉಡುಗೊರೆಯಾಯಿತು. ಪಟ್ಟಣದ ಅಧಿಕಾರ ಮಾತ್ರ ಗವರ್ನರ್ ಜನರಲ್ಲರ ತಮ್ಮ ಆರ್ಥರ್ ವೆಲೆಸ್ಲಿಗೆ ಹೋಯಿತು. ಬೇರ್ಡ್‌ಗೆ ಇದರಿಂದಾದ ಮನಸ್ತಾಪ ಪ್ರಸಿದ್ಧವಾದದ್ದು. ಅಧಿಕಾರ ಕೈತಪ್ಪಿದ್ದು ಮೊದಲು, ಖಡ್ಗ ಬಂದದ್ದು ಆಮೇಲೆ, ಹಾಗಿರುವಾಗ ಕಾರಣಕ್ಕಿಂತ ಕಾರ್ಯ ಮುಂಚೆ ಆಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅಂಥವರನ್ನು ಪೀಠಿಕೆಯಲ್ಲಿ ಹೇಳಿದ ಅಧಿಕಾರಿಗಳ ಪಟ್ಟಿಯಿಂದ ಕೈಬಿಡಲಾಗುವುದು. ಆ ಖಡ್ಗ 2023ರ ಮೇ 23ರಂದು ಲಂಡನ್ನಿನ ಬೊನ್‌ಹ್ಯಾಮ್ಸ್ ಹರಾಜಿನಲ್ಲಿ ಸುಮಾರು 1.4 ಕೋಟಿ ಪೌಂಡಿಗೆ ಹೋಯಿತು. ಒಂದು ಫಾರ್ದಿಂಗ್ ಕೊಡಬೇಕಾದಲ್ಲಿ ಕೊಡದಿದ್ದರೆ ಎರಡು ಶತಮಾನಗಳಲ್ಲಿ ಬಡ್ಡಿ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ.

ಮೂರನೆಯದು ಅಮೆರಿಕದ್ದು. ಅಧ್ಯಕ್ಷ ಲಿಂಡನ್ ಜಾನ್ಸನ್ ತಮ್ಮ ಹೆಸರಿನ ಮೊದಲಕ್ಷರಗಳನ್ನು ಕೆತ್ತಿಸಿದ ಸ್ವಿಸ್ ಚಾಕುಗಳನ್ನು ಶ್ವೇತಭವನದ ಅತಿಥಿಗಳಿಗೆ ಹಂಚುತ್ತಿದ್ದರು. 1968ರ ಮಾರ್ಚ್ 31ರಂದು ಅವರು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿದರು. ವಿಯೆಟ್ನಾಂ ಯುದ್ಧ ಕಾರಣವೆಂದು ಜನ ತಿಳಿದಿದ್ದಾರೆ. ಜನಕ್ಕೆ ಚಾಕು ಎಣಿಸುವ ಅಭ್ಯಾಸವಿಲ್ಲ.

ದೋಷ ವಿಚಾರ

ಯಾವ ಸಿದ್ಧಾಂತವನ್ನೂ ಅವ್ಯಾಪ್ತಿ, ಅತಿವ್ಯಾಪ್ತಿ ಎಂಬ ದೋಷಗಳ ಒರೆಗೆ ಹಚ್ಚಬೇಕು. ಅವ್ಯಾಪ್ತಿಯೆಂದರೆ ಚಾಕು ಕೊಟ್ಟರೂ ಸ್ನೇಹ ಕಡಿಯದಿರುವುದು. ಇದಕ್ಕೆ ಮೊದಲ ಸಾಕ್ಷಿ ಕೊಡಗು. ಅಲ್ಲಿ ಮದುಮಗನ ಕುಪ್ಯ ಎಂಬ ನಿಲುವಂಗಿಯ ಮೇಲೆ ಬಿಗಿದ ಚೇಲೆ ಎಂಬ ಸೊಂಟಪಟ್ಟಿಗೆ ಪೀಚೆಕತ್ತಿ ಸಿಕ್ಕಿಸದೆ ಮದುವೆಯ ಉಡುಗೆ ಪೂರ್ತಿಯಾಗುವುದಿಲ್ಲ. ಒಡಿಕತ್ತಿಯಿಂದ ಬಾಳೆದಿಂಡು ಕಡಿಯುವುದು ಮದುವೆಯ ಮರ್ಯಾದೆಗಳಲ್ಲಿ ಒಂದು. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುತ್ತಾರೆ. ಸಂಬಂಧ ಕೂಡಿಸುವ ಮುಹೂರ್ತದಲ್ಲೇ ಕತ್ತಿ ಹೊರಬರುವ ನಾಡಿನಲ್ಲಿ ಈ ಶಾಸ್ತ್ರ ಬಾಲ ಮುದುರಿಕೊಂಡು ಕೂರುತ್ತದೆ.

ಎರಡನೆಯ ಸಾಕ್ಷಿ ಗೂರ್ಖಾ ಪಡೆ. ನಿವೃತ್ತರಾಗುವ ಅಧಿಕಾರಿಗೆ ಬೆಳ್ಳಿಕಟ್ಟಿನ ಒರೆಯ ಕೋಥಿಮೋರಾ ಖುಕುರಿಯನ್ನು ಗೌರವದಿಂದ ಕೊಡುತ್ತಾರೆ. ಫಿನ್ಲೆಂಡಿನಲ್ಲಿ ಪೂಕ್ಕೊ ಎಂಬ ಸೊಂಟದ ಚಾಕುವನ್ನು ಕೊಟ್ಟರೆ ನಿನ್ನ ಮೇಲೆ ನಂಬಿಕೆಯಿದೆ ಎಂದರ್ಥ. ಸಿಖ್ಖರಲ್ಲಿ ಅಮೃತ ಸಂಸ್ಕಾರ ಪಡೆದವರಿಗೆ ಕಿರ್ಪಾಣ ಧರ್ಮದ ಗುರುತು. ಅದನ್ನು ಧರಿಸುವ ಹಕ್ಕು ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಸೇರಿದೆ. ರಾಂಪುರಿ ಚಾಕುವಿಗೆ ಹೆಸರಾದ ಉತ್ತರ ಪ್ರದೇಶದ ರಾಂಪುರವಂತೂ 2023ರಲ್ಲಿ ಸುಮಾರು 20 ಅಡಿ ಎತ್ತರದ ಚಾಕುವೊಂದನ್ನು ವೃತ್ತದಲ್ಲಿ ನಿಲ್ಲಿಸಿ, ಅದಕ್ಕೆ ಚಾಕು ಚೌಕ್ ಎಂದು ಹೆಸರಿಟ್ಟು, ತನಗೆ ತಾನೇ ಉಡುಗೊರೆ ಕೊಟ್ಟುಕೊಂಡಿತು. ತನ್ನೊಡನೆ ತಾನು ಮಾತು ಬಿಟ್ಟ ಲಕ್ಷಣ ಆ ಊರಿನಲ್ಲಿ ಕಾಣುವುದಿಲ್ಲ.

ಅಬ್ರಹಾಂ ಲಿಂಕನ್ ಹೇಳಿಕೊಂಡು ನಗುತ್ತಿದ್ದ ಕತೆಯೊಂದು ಇಲ್ಲಿ ಪ್ರಸ್ತುತ. ರೈಲಿನಲ್ಲಿ ಅಪರಿಚಿತನೊಬ್ಬ ಬಂದು, ನಿನಗಿಂತ ಕುರೂಪಿ ಸಿಗುವ ತನಕ ಇಟ್ಟುಕೊಂಡಿರು ಎಂದು ಯಾರೋ ಕೊಟ್ಟಿದ್ದ ಮಡಚುಚಾಕುವನ್ನು ಲಿಂಕನ್ ಕೈಗೆ ಒಪ್ಪಿಸಿದನಂತೆ. ಕಡಿಯಲು ಸ್ನೇಹವೇ ಇಲ್ಲದಿದ್ದಾಗ ಚಾಕು ಏನು ಮಾಡುತ್ತದೆ ಎಂಬ ಜಟಿಲ ಪ್ರಶ್ನೆಯನ್ನು ಈ ಕತೆ ಎತ್ತುತ್ತದೆ.

ಅತಿವ್ಯಾಪ್ತಿಯೆಂದರೆ ಚಾಕು ಕೊಡದೆಯೂ ಸಂಬಂಧ ಕಡಿಯುವುದು. ಇಲ್ಲಿ ಉದಾಹರಣೆಗಳ ಹುಡುಕಾಟಕ್ಕೆ ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಭೂಮಾಪಕರ ಸರಪಳಿ, ಬಚ್ಚಲ ನೀರು ಹರಿಯುವ ದಿಕ್ಕು, ಅಮ್ಮನ ಬಳೆ, ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೆಳಗಿನ ಆರಕ್ಕೆ ಬರುವ ರಾಜಕೀಯ ವಿಡಿಯೊ. ಇವುಗಳಲ್ಲಿ ಯಾವುದಕ್ಕೂ ಅಲಗಿಲ್ಲ, ಕಡಿತ ಮಾತ್ರ ನುಣುಪು. ನಿಷೇಧಿಸಬೇಕಾದ ವಸ್ತುಗಳ ಪಟ್ಟಿಯಲ್ಲಿ ನಮ್ಮ ಹಿರಿಯರು ಸರ್ವೆ ನಂಬರನ್ನು ಸೇರಿಸದೆ ಹೋದದ್ದು ದೊಡ್ಡ ಲೋಪ.

ಒಂದು ನಾಡಿನ ವಿಷ ಇನ್ನೊಂದು ನಾಡಿನ ಪ್ರಸಾದ ಎಂಬುದಕ್ಕೂ ಸಾಕ್ಷಿಯಿದೆ. 2015ರ ಜನವರಿಯಲ್ಲಿ ಬ್ರಿಟನ್ನಿನ ಸಾರಿಗೆ ಸಚಿವೆ ಸೂಸನ್ ಕ್ರೇಮರ್ ತೈಪೆಯ ಮೇಯರ್ ಕೊ ವೆನ್-ಜೆ ಅವರಿಗೆ ಒಂದು ಜೇಬುಗಡಿಯಾರ ಕೊಟ್ಟರು. ಚೀನೀ ಮಾತಿನಲ್ಲಿ ಗಡಿಯಾರ ಕೊಡುವುದೆಂದರೆ ಸಾವಿನ ಮನೆಯ ಕರ್ಮಕ್ಕೆ ಹೋದಂತೆ ಕೇಳಿಸುತ್ತದೆ. ಗುಜರಿಯವನಿಗೆ ಮಾರಿದರಾಯಿತು ಎಂದು ಮೇಯರ್ ತಮಾಷೆ ಮಾಡಿದರು, ಸಚಿವೆ ಕ್ಷಮೆ ಕೇಳಿದರು. ಕರ್ನಾಟಕದ ಗೃಹಪ್ರವೇಶಗಳಲ್ಲಿ ಎಷ್ಟು ಗೋಡೆ ಗಡಿಯಾರಗಳು ಕೈಬದಲಾಗುತ್ತವೆ ಎಂಬುದನ್ನು ಆ ಮೇಯರಿಗೆ ಯಾರೂ ತಿಳಿಸದಿರಲಿ.

ಕೊಂಡ ಕತ್ತಿ ಕ್ಷೇಮ ಎಂಬ ಮೂಲಸೂತ್ರಕ್ಕೇ ಪೆಟ್ಟು ಕೊಡುವ ಒಂದು ಪ್ರಕರಣ ಉಳಿದಿದೆ. ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನದೆನ್ನಲಾದ ಇನ್ನೊಂದು ಖಡ್ಗವನ್ನು ದುಡ್ಡು ಕೊಟ್ಟು ಕೊಂಡರು. ಅದು ಅಪಶಕುನವೆಂದು ಮನೆಯವರು ಹೇಳಿದ್ದರಿಂದ ಬೇರೆಯವರಿಗೆ ಕೊಟ್ಟುಬಿಟ್ಟರು ಎಂಬ ಹೇಳಿಕೆ 2018ರಲ್ಲಿ ಲಂಡನ್ ನ್ಯಾಯಾಲಯದ ಕಲಾಪದ ವೇಳೆ ವರದಿಯಾಯಿತು. ಶಾಸ್ತ್ರದಂತೆ ಕೊಳ್ಳುವಾಗ ದೋಷವಿಲ್ಲ, ಕೊಡುವಾಗ ದೋಷ. ಇಲ್ಲಿ ಕೊಂಡದ್ದಕ್ಕೆ ದೋಷ, ಕೊಟ್ಟದ್ದೇ ಪರಿಹಾರ. ಇಂಥ ಉದಾಹರಣೆ ಎದುರಾದಾಗ ನಿಜವಾದ ಶಾಸ್ತ್ರಜ್ಞರು ಅದನ್ನು ಅಡಿಟಿಪ್ಪಣಿಗೆ ಸೇರಿಸಿ ಮುಂದೆ ಹೋಗುತ್ತಾರೆ.

ವ್ಯವಹಾರ ಕಾಂಡ

ಒಂದು ರೂಪಾಯಿಗೆ ಚಾಕು ಕೊಟ್ಟದ್ದು ಕಾನೂನಿನ ಕಣ್ಣಿನಲ್ಲಿ ನಿಲ್ಲುತ್ತದೆಯೇ? ನಿಲ್ಲುತ್ತದೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 122ನೇ ಕಲಮಿನಂತೆ ಪ್ರತಿಫಲವಿಲ್ಲದೆ ಸ್ವಇಚ್ಛೆಯಿಂದ ಕೊಟ್ಟು, ಇನ್ನೊಬ್ಬರು ಒಪ್ಪಿಕೊಂಡದ್ದು ದಾನ. ರೂಪಾಯಿ ಬಂದರೆ ಪ್ರತಿಫಲ ಬಂತು, ದಾನ ಹೋಯಿತು. ಬೆಲೆ ತೀರಾ ಕಡಿಮೆಯಾಯಿತಲ್ಲ ಎಂಬ ತಕರಾರಿಗೂ 1872ರ ಕರಾರು ಕಾಯ್ದೆಯಲ್ಲಿ ಉತ್ತರವಿದೆ. ಅದರ 25ನೇ ಕಲಮಿನ ದೃಷ್ಟಾಂತವೊಂದರಲ್ಲಿ 1,000 ರೂಪಾಯಿಯ ಕುದುರೆಯನ್ನು 10 ರೂಪಾಯಿಗೆ ಮಾರಲು ಒಪ್ಪಲಾಗಿದೆ. ಒಪ್ಪಿಗೆ ಮನಃಪೂರ್ವಕವಾಗಿದ್ದರೆ ಕರಾರು ಊರ್ಜಿತ. ಕುದುರೆಗೆ ಸಲ್ಲುವುದು ಚಾಕುವಿಗೂ ಸಲ್ಲಬೇಕು. ಅದೇ ಕಲಮಿನಂತೆ ಹತ್ತಿರದ ಬಂಧುಗಳು ಪ್ರತಿಫಲವಿಲ್ಲದೆ, ಬರೀ ಸಹಜ ಪ್ರೀತಿಯಿಂದ ಕರಾರು ಮಾಡಿಕೊಳ್ಳಬೇಕಾದರೆ ಅದನ್ನು ಬರೆದು ನೋಂದಾಯಿಸಬೇಕು. ಉಪನೋಂದಣಿ ಕಚೇರಿಯಲ್ಲಿ ಟೋಕನ್ ಹಿಡಿದು ಕೂರುವುದಕ್ಕಿಂತ ಒಂದು ರೂಪಾಯಿ ಮೇಲು ಎಂದು ಅಜ್ಜಿಯರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮಾರಾಟವೆಂದ ಮೇಲೆ ತೆರಿಗೆಯ ಮಾತು. ಚಾಕುವಿನ ಮೇಲಿನ ಜಿಎಸ್‌ಟಿ 2022ರ ಜುಲೈ 18ರಿಂದ ಶೇ 12ರಿಂದ ಶೇ 18ಕ್ಕೆ ಏರಿತು. ಆ ದರದಲ್ಲಿ ಒಂದು ರೂಪಾಯಿಗೆ 18 ಪೈಸೆ. 25 ಪೈಸೆಯೂ ಅದಕ್ಕಿಂತ ಚಿಕ್ಕ ನಾಣ್ಯಗಳೂ 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ, ಆದ್ದರಿಂದ ಕೊಡುವ ಮನಸ್ಸಿದ್ದರೂ ಕೊಡಲಾಗದು. ಪುಣ್ಯಕ್ಕೆ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಂ 50 ಪೈಸೆಗಿಂತ ಕಡಿಮೆಯ ಮೊತ್ತವನ್ನು ಬಿಟ್ಟುಬಿಡಿ ಎನ್ನುತ್ತದೆ. ವ್ಯಾಪಾರಿಯಲ್ಲದ ನೆಂಟನಿಗೆ ಈ ತೆರಿಗೆಯೇ ತಗಲುವುದಿಲ್ಲ ಎಂಬುದು ನಿಜವಾದರೂ, ಲೆಕ್ಕ ಹಾಕುವ ಆನಂದವನ್ನು ಅದು ಕಸಿಯಬಾರದು.

ಆಯುಧ ನಿಯಮಗಳ ಭಯವೂ ಬೇಡ. 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು ಆಯುಧಗಳ ಪಟ್ಟಿಗೆ ಬರುತ್ತವೆ, ಆದರೆ ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವು ಅದರಿಂದ ಹೊರಗೆ. ಮಲೆನಾಡಿನ ಮೆಟ್ಟುಗತ್ತಿ ಬಚಾವು. ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯ ಅನುಸೂಚಿಯಲ್ಲೂ ಚಾಕುವಿಗೆ ರೂಪಾಯಿ ಕೊಡುವುದು ಅಪರಾಧವಾಗಿಲ್ಲ.

ಸಿದ್ಧಾಂತ

1948ರಲ್ಲಿ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ ನಿಗದಿತ ಹೊತ್ತಿಗೆ ಕಾಳು ಬೀಳುವಂತೆ ಮಾಡಿದ. ಕಾಳು ಬಿದ್ದಾಗ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತೆಂಬಂತೆ ಒಂದು ಹಕ್ಕಿ ಗಿರಗಿರನೆ ಸುತ್ತತೊಡಗಿತು, ಇನ್ನೊಂದು ತಲೆ ಆಡಿಸತೊಡಗಿತು. ನಮ್ಮವರು ಇದನ್ನು ಕಾಕತಾಳೀಯ ನ್ಯಾಯವೆಂದು ಬಹಳ ಹಿಂದೆಯೇ ಕರೆದಿದ್ದರು, ಅಲ್ಲಿ ಕಾಗೆ, ಇಲ್ಲಿ ಪಾರಿವಾಳ. ಆದರೆ ಚಾಕುವಿಗೆ ಕಾಸು ಕೊಡುವವರು ಪಾರಿವಾಳಗಳಿಗಿಂತ ಲೆಕ್ಕದಲ್ಲಿ ಚುರುಕು. ಸಾವಿರ ರೂಪಾಯಿ ಕೊಟ್ಟರೆ ದೋಷ ಪರಿಹಾರ ಎಂದಿದ್ದರೆ ಈ ನಂಬಿಕೆ ಎಂದೋ ಅಳಿದಿರುತ್ತಿತ್ತು. ಯಾರಾದರೊಬ್ಬ ಜಿಪುಣ ಕೊಡದೆ ನೋಡಿ, ಏನೂ ಆಗಲಿಲ್ಲವೆಂದು ಸಾರಿರುತ್ತಿದ್ದ. ಪರಿಹಾರಕ್ಕೆ ಒಂದು ಪೆನ್ನಿ, ಒಂದು ರೂಪಾಯಿ, ಅಥವಾ ಒಮ್ಮೆ ಬಗ್ಗಿ ಏಳುವ ಶ್ರಮ ಎಂದು ಬೆಲೆ ಕಟ್ಟಿದ್ದರಿಂದ ಪರೀಕ್ಷೆ ಮಾಡುವುದಕ್ಕಿಂತ ಪಾಲಿಸುವುದೇ ಅಗ್ಗವಾಯಿತು. ಗ್ರೋಸ್‌ನಿಂದ ಇಲ್ಲಿಯವರೆಗೆ ಈ ನಂಬಿಕೆ ಬದುಕಿರುವುದು ಭಯದ ಬಲದಿಂದಲ್ಲ, ರಿಯಾಯಿತಿ ದರದಿಂದ.

ಮುಂದಿನ ಸಂಶೋಧಕರಿಗೆ ಕೆಲವು ಪ್ರಶ್ನೆಗಳು ಉಳಿದಿವೆ. ಯುಪಿಐ ಮೂಲಕ ಕಳಿಸಿದ ರೂಪಾಯಿಗೆ ಲೋಹದ ನಾಣ್ಯದ ಶಕ್ತಿ ಉಂಟೇ? ಸರ್ವರ್ ಡೌನ್ ಆದರೆ ಸ್ನೇಹ ಎಷ್ಟು ನಿಮಿಷ ತಡೆದೀತು? ಮಿಕ್ಸಿಯೊಳಗಿನ ಬ್ಲೇಡು ಛುರಿಕೆಯ ಲಕ್ಷಣಕ್ಕೆ ಒಳಪಡುತ್ತದೆಯೇ, ಒಳಪಟ್ಟರೆ ತವರಿನಿಂದ ಬಂದ ಮಿಕ್ಸಿಗಳ ಹಳೆ ಬಾಕಿ ಎಷ್ಟು? ಆನ್‌ಲೈನಿನಲ್ಲಿ ತರಿಸಿದ ಚಾಕು ಕೊಟ್ಟವನ ಕೈ ಸೋಕದೆ ಬರುವುದರಿಂದ ಕೊರಿಯರ್ ಹುಡುಗನೇ ನೆಲದ ಪಾತ್ರ ವಹಿಸಿದಂತಾಗುತ್ತದೆಯೇ? ಈ ಕೊನೆಯ ಪ್ರಶ್ನೆಗೆ ಸಂಬಂಧಿಸಿ ಪ್ರಬಂಧಕಾರರು ಒಂದು ಸಲಹೆಯನ್ನು ಮುಂದಿಡುತ್ತಾರೆ. ಗೆಳೆಯನ ವಿಳಾಸಕ್ಕೆ ಒಳ್ಳೆಯ ಚಾಕು ಸೆಟ್ಟೊಂದನ್ನು ಕ್ಯಾಶ್ ಆನ್ ಡೆಲಿವರಿಯಲ್ಲಿ ಆರ್ಡರ್ ಮಾಡಬೇಕು. ಪಡೆದವನೇ ಪೂರ್ತಿ ಬೆಲೆ ತೆರುವುದರಿಂದ ದಾನದ ದೋಷ ಲವಲೇಶವೂ ಉಳಿಯುವುದಿಲ್ಲ. ಆಮೇಲೆ ಅವನು ಫೋನ್ ಎತ್ತದಿದ್ದರೆ ಚಾಕು ಅದಕ್ಕೆ ಹೊಣೆಯಲ್ಲ.